ಕರುವಿನ ಅಳತೆ

ಪೆಟ್ಟಿಗೆ ಸಣ್ಣದಾಗಿದೆಯೆಂದು ರಾಮಾಂಜಿನಪ್ಪನಿಗೆ ನಿನ್ನೆ ಸಂಜೆಯೇ ಗೊತ್ತಾಗಿತ್ತು. ಗೊತ್ತಾಗಿಯೂ ಬಾಯಿ ಬಿಡಲಿಲ್ಲ. ಬಡಗಿ ಚಿಕ್ಕವೆಂಕಟಪ್ಪ ಅದನ್ನು ಅಂಗಳದಲ್ಲಿ ಇಳಿಸಿ, ಹೆಗಲ ಟವೆಲ್ಲಿನಿಂದ ಮರದ ಪುಡಿ ಒರೆಸಿ, ಹೊಗಳಿಕೆಗೆ ಕಾದವನಂತೆ ಪಕ್ಕಕ್ಕೆ ಸರಿದು ನಿಂತಾಗ ನಾಯಿ ಬ್ರೂನೊ ಅಲ್ಲೇ ನಿಂತಿತ್ತು. ಅದರ ಕಿವಿಗಳು ಪೆಟ್ಟಿಗೆಯ ಮೇಲ್ಹಲಗೆಗಿಂತ ಒಂದು ಗೇಣು ಮೇಲಿದ್ದವು. ಕಣ್ಣಿದ್ದವರಿಗೆಲ್ಲ ಕಾಣುವ ವಿಷಯ. ಆದರೆ ಹೇಳಿದರೆ ಎಲ್ಲ ಮೊದಲಿನಿಂದ ಶುರುವಾಗಬೇಕು. ಚಿಕ್ಕವೆಂಕಟಪ್ಪನ ಗಲ್ಲ ಹಿಡಿದು ಮತ್ತೆ ಒಪ್ಪಿಸಬೇಕು, ಕರೆಂಟ್ ಆಫೀಸಿನಲ್ಲಿ ಮತ್ತೆ ರಜೆಗೆ ಕೈಕಟ್ಟಿ ನಿಲ್ಲಬೇಕು, ದಿಲ್ಲಿಯ ತಂಗಿಗೆ ಫೋನು ಮಾಡಿ ನಾಳೆ ಆಗುವುದಿಲ್ಲವೆನ್ನಬೇಕು. ನಾಯಿ ಒಂದಿಷ್ಟು ತಲೆ ತಗ್ಗಿಸಿಕೊಂಡರಾಯಿತು ಎಂದುಕೊಂಡ. ಇಷ್ಟು ವರ್ಷ ತಾನು ತಗ್ಗಿಸಿಕೊಂಡು ಬದುಕಿಲ್ಲವೇ. ಹಾಗೆ ಅನ್ನಿಸಿದ್ದೇ ತನ್ನ ಮೇಲೆ ತನಗೇ ಹೇಸಿಗೆಯಾಗಿ, ಎದ್ದು ಬಚ್ಚಲಿಗೆ ಹೋಗಿ ಸುಮ್ಮಸುಮ್ಮನೆ ಕಾಲು ತೊಳೆದುಕೊಂಡ.

ಈಗ ಪಿಳ್ಳಪ್ಪನ ಮೆಟಡಾರ್ ರಾಜಾನುಕುಂಟೆ ದಾಟಿ ಯಲಹಂಕದ ಕಡೆಗೆ ಓಡುತ್ತಿತ್ತು. ಮೊನ್ನೆಯವರೆಗೆ ಹೂಕೋಸು ಹೊತ್ತ ಗಾಡಿ, ಒಳಗೆಲ್ಲ ಕೊಳೆತ ಎಲೆಯ ವಾಸನೆ. ಹಿಂದೆ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಬ್ರೂನೊ. ರಸ್ತೆಯ ಒಂದೊಂದು ಗುಂಡಿಗೂ ಅದರ ತಲೆ ಹಲಗೆಗೆ ಟೊಕ್ಕೆಂದು ತಾಗುವುದು ಮುಂದಿನ ಸೀಟಿಗೆ ಕೇಳುತ್ತಿತ್ತು. ಪಿಳ್ಳಪ್ಪನ ಬಾಯಿ ಸುಮ್ಮನಿರುವುದಲ್ಲ. ‘ಅಲ್ಲಣ್ಣೋ, ನಮ್ ದೊಡ್ಡಬೆಳವಂಗಲದಾಗೆ ಇಮಾನ ಹತ್ತಿದೋರು ಯಾರವ್ರೆ ಹೇಳು. ಚೇರ್ಮನ್ನೂ ಹತ್ತಿಲ್ಲ. ಮೊದ್ಲು ಹತ್ತೋನು ಈ ನನ್ಮಗ!’ ಎಂದು ಸ್ಟೇರಿಂಗ್ ಬಡಿದುಕೊಂಡು ನಕ್ಕ. ಬೆಳಗ್ಗೆ ಡೈರಿಯ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತವರೂ ಇದನ್ನೇ ಹೇಳಿ ನಕ್ಕಿದ್ದರು. ‘ಜೊತೆಗೆ ನೀನೂ ಹೋಗ್ಬರಬಾರ್ದೇನಪ್ಪ, ನಾಯಿ ಹಿಡ್ಕೊಳ್ಳಾಕೆ’ ಎಂದಿದ್ದ ಒಬ್ಬ. ರಾಮಾಂಜಿನಪ್ಪ ಆಗಲೂ ಹಲ್ಲು ಕಿರಿದಿದ್ದ, ಈಗಲೂ ಕಿರಿದ. ಒಳಗೆ ಮಾತ್ರ ಅಳು ಬರುವಷ್ಟು ಸಿಟ್ಟಿತ್ತು. ಯಾರ ಮೇಲೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ.

ನಾಯಿ ಅವನದಲ್ಲ. ತಂಗಿ ರತ್ನಳ ಗಂಡ ಶ್ರೀಧರನದು. ದಿಲ್ಲಿಗೆ ವರ್ಗವಾದಾಗ, ಕ್ವಾರ್ಟರ್ಸ್ ಸಿಗುವವರೆಗೆ ಒಂದೆರಡು ತಿಂಗಳು ಇರಲಿ ಭಾವ ಎಂದು ತಂದು ಬಿಟ್ಟುಹೋದ ಅಲ್ಸೇಷಿಯನ್. ತಿಂಗಳು ಹೋಗಿ ಮೂರು ವರ್ಷವಾಯಿತು. ಮೂತಿ ಬೆಳ್ಳಗಾಯಿತು, ಹಿಂಗಾಲು ಸೋತವು, ಎದ್ದೇಳುವಾಗ ಮುದುಕರಂತೆ ಹ್ಞಾ ಎನ್ನತೊಡಗಿತು. ಈಗ ಅವರಿಗೆ ತೋಟವಿರುವ ಮನೆ ಸಿಕ್ಕಿದೆ, ಮಗಳು ಯಶಸ್ವಿನಿ ಬ್ರೂನೊ ಬೇಕೆಂದು ಹಟ ಹಿಡಿದಿದ್ದಾಳೆ. ಮೊದಲು ರೈಲಿನಲ್ಲಿ ಕಳಿಸಲು ಹೋಗಿದ್ದ. ಅಂದು ಗಾರ್ಡು, ಇಷ್ಟು ದೊಡ್ಡ ನಾಯಿಗೆ ಜಾಗವಿಲ್ಲವೆಂದ. ಅವನು ಇಂಗ್ಲಿಷಿನಲ್ಲಿ ಉತ್ತರ ಕೂಡಿಸುವಷ್ಟರಲ್ಲಿ ರೈಲು ಹೊರಟೇಹೋಗಿ, ಪ್ಲಾಟ್‌ಫಾರ್ಮಿನಲ್ಲಿ ಅವನೂ ನಾಯಿಯೂ ನಿಂತಿದ್ದರು. ಆ ಸುದ್ದಿ ಹೇಳಲು ಫೋನು ಮಾಡಿದಾಗ ರತ್ನಳ ಹಿಂದಿನಿಂದ ಶ್ರೀಧರ ಅಂದದ್ದು ಅವನ ಕಿವಿಗೆ ಬಿತ್ತು. ‘ಬಿಡು, ಅವ್ರ ಕೈಲಾಗೋ ಕೆಲ್ಸ ಅಲ್ಲ ಅದು. ನಾನೇ ಯಾವಾಗಾದ್ರೂ ಬಂದು ಕರ್ಕೊಂಡ್ಬರ್ತೀನಿ.’ ಶ್ರೀಧರ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಮರೆತುಬಿಡಬಹುದಿತ್ತು. ಬೇಸರವೂ ಇಲ್ಲದ ದನಿಯಲ್ಲಿ, ಬೋರ್‌ವೆಲ್ಲಿನಲ್ಲಿ ನೀರಿಲ್ಲ ಅನ್ನುವ ಹಾಗೆ ಹೇಳಿದ್ದ. ಅಂದೇ ರಾಮಾಂಜಿನಪ್ಪ ರಿಸೀವರಿನಲ್ಲಿ ಕೂಗಿದ್ದ, ‘ವಿಮಾನದಲ್ಲೇ ಕಳಿಸ್ತೀನಿ ಕಣಮ್ಮ, ಎಲ್ಲಾ ನಾನೇ ನೋಡ್ಕೋತೀನಿ ಅಂತ ಹೇಳು ನಿಮ್ಮನೆಯವ್ರಿಗೆ.’

ನೋಡಿಕೊಂಡ ಚೆಂದ ಇದು. ದೊಡ್ಡಬಳ್ಳಾಪುರದ ಪಶುವೈದ್ಯರು ಸರ್ಟಿಫಿಕೇಟ್ ಬರೆದುಕೊಡುವಾಗಲೇ ಹೇಳಿದ್ದರು, ಪೆಟ್ಟಿಗೆ ಸಲೀಸಾಗಿರಲಿ, ನಾಯಿ ನಿಲ್ಲಬೇಕು, ತಿರುಗಬೇಕು. ಆಮೇಲೆ ಸ್ಟೆತಾಸ್ಕೋಪನ್ನು ಬ್ರೂನೊವಿನ ಎದೆಗಿಟ್ಟು ಬಹಳ ಹೊತ್ತು ಕೇಳಿ, ‘ಮಂಪರು ಬರೋ ಔಷಧಿ ಮಾತ್ರ ಏನೂ ಕೊಡ್ಬೇಡಿ ರಾಮಾಂಜಿನಪ್ಪನೋರೆ. ಎಳೇ ನಾಯಿ ಆದ್ರೆ ಹೆಂಗೋ ತಡ್ಕೊಳುತ್ತೆ. ಇದರ ಎದೆ ಗಟ್ಟಿ ಇಲ್ಲ. ಮೇಲೆ ಹೋದ್ಮೇಲೆ ಉಸಿರು ಸಣ್ಣ ಆದ್ರೆ ನೋಡೋರು ಯಾರು?’ ಎಂದಿದ್ದರು. ಅವನು ತಲೆಯಾಡಿಸಿ ಬಂದು ಚಿಕ್ಕವೆಂಕಟಪ್ಪನನ್ನು ಕರೆಸಿದ. ಚಿಕ್ಕವೆಂಕಟಪ್ಪ ಅಳತೆಪಟ್ಟಿ ಹಿಡಿದು ಬಂದವನು, ಪಡಸಾಲೆಯಲ್ಲಿ ಕಾಲು ಚಾಚಿ ಮಲಗಿದ್ದ ನಾಯಿಯನ್ನು ಕಂಡು ಅಳತೆಪಟ್ಟಿಯನ್ನು ಮತ್ತೆ ಜೇಬಿಗೆ ಹಾಕಿಕೊಂಡ. ‘ಉಸ್ರಾಡೋ ಜೀವಾನ ಪೆಟ್ಗೆಗೆ ಅಂತ ಅಳೆಯಕಿಲ್ಲ ಸ್ವಾಮಿ. ಹೆಣಕ್ಕೆ ಅಳ್ಯೋದು ಅದು.’ ಒಳಗಿನಿಂದ ತಾಯಿ ಬೈರಮ್ಮ ಎದ್ದು ಬಂದಳು. ‘ಇನ್ನೇನ್ಲಾ ಮತ್ತೆ? ಕಣ್ಬಿಟ್ಕೊಂಡಿರೋದುಕ್ಕೆ ಉದ್ದ ಅಗಲ ನೋಡ್ತಾರಾ? ಓದ್ಕೊಂಡೋನು ನೀನು, ಅಷ್ಟೂ ತಿಳಿಯಾಕಿಲ್ವಾ?’ ಅವನು ವಾದಿಸಿದ. ದರ್ಜಿ ಅಳೆಯುವುದಿಲ್ಲವೇ ಎಂದ. ಅಂಗಿ ಬೇರೆ ಪೆಟ್ಟಿಗೆ ಬೇರೆ ಎಂದರು ಇಬ್ಬರೂ. ತಾನೇ ಅಳೆಯಲೆಂದು ಎದ್ದ, ಬೈರಮ್ಮ ನಾಯಿಗೂ ಅವನಿಗೂ ನಡುವೆ ಕುಳಿತೇಬಿಟ್ಟಳು.

ಕಡೆಗೆ ದಾರಿ ತೋರಿಸಿದವನೂ ಚಿಕ್ಕವೆಂಕಟಪ್ಪನೇ. ಕೊಟ್ಟಿಗೆಯಲ್ಲಿ ಕಟ್ಟಿದ್ದ ಕರು ಹೆಚ್ಚುಕಡಿಮೆ ನಾಯಿಯಷ್ಟೇ ಇತ್ತು. ಅದನ್ನು ಅಳೆದುಕೊಂಡ. ‘ಇದ್ಯಾಕೆ, ಇದೂ ಉಸ್ರಾಡ್ತಿಲ್ವಾ?’ ಎಂದು ರಾಮಾಂಜಿನಪ್ಪ ಕೇಳಿದ್ದಕ್ಕೆ, ‘ಇದುನ್ನೇನು ಪೆಟ್ಗೆಗೆ ಹಾಕ್ತೀವಾ? ಸುಮ್ಕೆ ಅಳಿತಾ ಇವ್ನಿ’ ಎಂದ. ಕರುವಿನ ಉದ್ದಕ್ಕೆ ಒಂದು ಗೇಣು, ಎತ್ತರಕ್ಕೆ ನಾಲ್ಕು ಬೆರಳು ಸೇರಿಸಿ ಧಾರಾಳವಾಯಿತು ಎಂದುಕೊಂಡು ಹೋದ. ಆದರೆ ದನದ ಎತ್ತರವನ್ನು ಯಾರಾದರೂ ಬೆನ್ನಿಗೆ ತಾನೇ ಅಳೆಯುವುದು. ಕರು ತಲೆ ತಗ್ಗಿಸಿ ಹುಲ್ಲು ತಿನ್ನುತ್ತಿತ್ತು. ಅಲ್ಸೇಷಿಯನ್ ನಿಂತರೆ ತಲೆ ಬೆನ್ನಿಗಿಂತ ಅಷ್ಟೆತ್ತರ ಹೋಗುತ್ತದೆಂಬುದು ಆ ಹೊತ್ತಿನಲ್ಲಿ ಯಾರ ತಲೆಗೂ ಹೋಗಲಿಲ್ಲ. ತನ್ನ ತಲೆಗೂ ಹೋಗಲಿಲ್ಲವಲ್ಲ ಎಂದು ರಾಮಾಂಜಿನಪ್ಪ ಯಲಹಂಕದಿಂದ ಹೆಬ್ಬಾಳದವರೆಗೆ ತನ್ನನ್ನೇ ಬೈದುಕೊಂಡ. ಹಿಂದಿನಿಂದ ಟೊಕ್, ಟೊಕ್ ಬರುತ್ತಲೇ ಇತ್ತು.

ವಿಮಾನ ನಿಲ್ದಾಣದ ಸರಕಿನ ಷೆಡ್ಡಿನ ಕೌಂಟರಿನಲ್ಲಿದ್ದ ಹುಡುಗ ಟೈ ಕಟ್ಟಿದ್ದ, ಕನ್ನಡದವನೇ. ಒಳ್ಳೆಯ ಮಾತಿನವನು. ಸರ್ಟಿಫಿಕೇಟ್ ಓದಿ, ಎದ್ದು ಬಂದು ಪೆಟ್ಟಿಗೆಯ ಸರಳುಗಳ ನಡುವೆ ಬಗ್ಗಿ ನೋಡಿದ. ಬ್ರೂನೊ ಬೆನ್ನು ಬಿಲ್ಲಾಗಿಸಿ, ಕತ್ತು ಕೆಳಗೆ ಹಾಕಿ, ಕಣ್ಣನ್ನಷ್ಟೇ ಮೇಲೆತ್ತಿ ಅವನನ್ನು ನೋಡಿತು. ‘ಆಗಲ್ಲ ಸರ್ ಇದು’ ಎಂದ ಹುಡುಗ. ‘ನೆಟ್ಟಗೆ ನಿಂತ್ಕೋಬೇಕು, ಒಂದು ಸುತ್ತು ತಿರುಗ್ಬೇಕು. ದೊಡ್ಡ ನಾಯಿ, ವಯಸ್ಸು ಬೇರೆ ಆಗಿದೆ. ದಿಲ್ಲಿವರೆಗೂ ಹೀಗೇ ಬಗ್ಗಿದ್ರೆ ಉಸಿರಾಡೋಕೆ ಆಗುತ್ತಾ ನೀವೇ ಹೇಳಿ.’ ಸುತ್ತ ನಿಂತಿದ್ದವರು, ಹೂವಿನ ಬುಟ್ಟಿ, ರೇಷ್ಮೆಯ ಗಂಟು ಕಳಿಸಲು ಬಂದವರು, ಪೆಟ್ಟಿಗೆಯನ್ನು ನೋಡಿ ಅವನ ಚಪ್ಪಲಿಯನ್ನು ನೋಡಿದರು. ‘ಯಾರು ಸರ್ ಮಾಡಿದ್ದು ಇದನ್ನ?’ ಎಂದು ಹುಡುಗ ಕೇಳಿದ, ನಿಜವಾಗಿಯೂ ತಿಳಿಯಲೆಂದೇ ಕೇಳಿದ. ಕರುವನ್ನು ಅಳೆದು ಮಾಡಿಸಿದ್ದೆಂದು ಹೇಳುವುದು ಹೇಗೆ? ‘ನಮ್ಮೂರ ಬಡಗಿ’ ಎಂದ, ತಪ್ಪು ಊರಿನದೇ ಎಂಬ ಹಾಗೆ. ‘ಮೇಲಕ್ಕೆ ಒಂದಡಿ ಎತ್ತಿಸ್ಕೊಂಡು ಮೂರು ಗಂಟೆಯೊಳಗೆ ತಂದ್ರೆ ಸಂಜೆ ಫ್ಲೈಟಿಗೇ ಹಾಕ್ತೀನಿ ಸರ್. ಹಲಸೂರಲ್ಲಿ ಬೇಕಾದಷ್ಟು ಬಡಗಿಗಳಿದಾರೆ.’ ಅಷ್ಟು ಒಳ್ಳೆಯ ಹುಡುಗನ ಮೇಲೂ ರಾಮಾಂಜಿನಪ್ಪನಿಗೆ ಸಿಟ್ಟೇ ಬಂತು.

ಹಲಸೂರಿನಲ್ಲಿ ಮರಗೆಲಸದ ಅಂಗಡಿಗಳ ಸಾಲು ಪೂರಾ ಬಾಗಿಲು ಹಾಕಿತ್ತು. ಒಂದು ಬಾಗಿಲು ಅರ್ಧ ತೆರೆದಿತ್ತು. ಒಳಗೆ ಉಳಿ, ಗರಗಸ, ಕೀಸುಳಿ ಸಾಲಾಗಿಟ್ಟು ಕುಂಕುಮ ಹಚ್ಚಿ, ಊದುಬತ್ತಿ ಸಿಕ್ಕಿಸಿ, ಒಬ್ಬ ಮುದುಕ ಬರಿಮೈಯಲ್ಲಿ ಕೂತಿದ್ದ. ‘ಅಮಾಸೆ ಸಾರ್ ಇವತ್ತು. ಉಳಿ ಮುಟ್ಟಲ್ಲ. ನಾಳೆ ಬನ್ನಿ, ಗಂಟೆ ಕೆಲ್ಸ’ ಎಂದ. ಗರಗಸ ಕೊಡಿ ನಾನೇ ಮಾಡಿಕೊಳ್ಳುತ್ತೇನೆ ಎಂದದ್ದಕ್ಕೆ ಮುದುಕ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿ ಬಾಗಿಲು ಎಳೆದುಕೊಂಡ. ಅಮಾವಾಸ್ಯೆ ದಿನ ಜೀವ ಹೊರಡಿಸಬೇಡವೆಂದು ಬೈರಮ್ಮ ನಿನ್ನೆಯೆಲ್ಲ ಗೊಣಗಿದ್ದಳು. ವಿಮಾನದವರಿಗೆ ಅಮಾವಾಸ್ಯೆ ಹುಣ್ಣಿಮೆ ಗೊತ್ತಿಲ್ಲವೆಂದು ಇವನು ಗದರಿದ್ದ. ಈಗ ಹಲಸೂರಿನ ಬೀದಿಯಲ್ಲಿ ನಿಂತು, ಅವಳು ಹೇಳಿದ್ದೇ ನಡೆಯಿತಲ್ಲ ಎಂದು ಹಲ್ಲು ಕಡಿದ. ತಾನು ಯಾವುದನ್ನೂ ನಂಬುವವನಲ್ಲ. ನಂಬದವನ ಕೆಲಸವನ್ನು ನಂಬುವವರೆಲ್ಲ ಸೇರಿ ಕೆಡಿಸುತ್ತಾರೆ. ಪಿಳ್ಳಪ್ಪ ಬೀಡಿ ಹಚ್ಚಿ, ‘ವಾಪಸ್ ಹೋಗಾನ ಬಿಡಣ್ಣ, ಇನ್ನೊಂದಿನ ಬಂದ್ರಾಯ್ತು’ ಎಂದ. ಇನ್ನೊಂದು ದಿನ! ಊರಿನ ಮುಂದೆ ಗಾಡಿ ನಿಲ್ಲುವುದು, ಅದರಿಂದ ಬ್ರೂನೊ ಇಳಿಯುವುದು, ಡೈರಿಯ ಮುಂದಿನವರು ಕ್ಯಾನು ಕೆಳಗಿಟ್ಟು ನಗುವುದು, ಎಲ್ಲ ಅವನ ಕಣ್ಣಿಗೆ ಕಟ್ಟಿತು.

ರಸ್ತೆಯ ಆಚೆ ಎಸ್‌ಟಿಡಿ ಬೂತಿತ್ತು. ಹೇಳಿಬಿಡೋಣ ಎಂದು ಒಳಗೆ ಹೋದ. ಪೆಟ್ಟಿಗೆ ಸರಿಯಾಗಲಿಲ್ಲ, ನಾಳಿದ್ದು ಕಳಿಸುತ್ತೇನೆ, ಇದರಲ್ಲೇನಿದೆ, ಮನುಷ್ಯರಿಗೇ ಬಸ್ಸು ತಪ್ಪುತ್ತದೆ. ಗಂಟಲಲ್ಲಿ ಮಾತು ಜೋಡಿಸಿಕೊಂಡು ನಂಬರು ತಿರುಗಿಸಿದ. ರತ್ನ ಎತ್ತಿದ್ದರೆ ಹೇಳುತ್ತಿದ್ದನೋ ಏನೋ. ಎತ್ತಿದವನು ಶ್ರೀಧರ. ‘ಹಲೋ’ ಎಂದ. ಹಿಂದೆ ಮಗುವಿನ ದನಿ, ‘ಬ್ರೂನೊ ಹೊರಟ್ನಾ ಪಪ್ಪಾ?’ ಶ್ರೀಧರ ಮತ್ತೆ, ‘ಹಲೋ, ಯಾರು?’ ಎಂದ. ರಾಮಾಂಜಿನಪ್ಪ ಫೋನು ಇಟ್ಟುಬಿಟ್ಟ. ಬೂತಿನ ಕನ್ನಡಿಯಲ್ಲಿ ಮುಖ ಕಂಡಿತು, ಕಣ್ಣಿನ ಕೆಳಗೆ ಕಪ್ಪಾದ ಮುಖ. ನಿದ್ದೆಯಿಲ್ಲದವನ ಮುಖವೆಂದು ಎಂಥವರಿಗೂ ಗೊತ್ತಾಗಬೇಕು. ಮನೆಯಲ್ಲಿ ಮಾತ್ರ ಯಾರಿಗೂ ಗೊತ್ತಾಗಿರಲಿಲ್ಲ, ಅಥವಾ ಯಾರೂ ಕೇಳಿರಲಿಲ್ಲ.

ಹೌದು, ಅವನಿಗೆ ನಿದ್ದೆ ಬರುವುದಿಲ್ಲ. ಯಾಕೆಂದರೆ ಅವನಿಗೇ ಗೊತ್ತಿಲ್ಲ. ದೊಡ್ಡಬಳ್ಳಾಪುರದ ಡಾಕ್ಟರೊಬ್ಬರು ಬರೆದುಕೊಟ್ಟ ನಿದ್ದೆ ಮಾತ್ರೆಯ ಪಟ್ಟಿ ಅಂಗಿಯ ಒಳಜೇಬಿನಲ್ಲಿರುತ್ತದೆ. ಹೆಂಡತಿ ಮುನಿಲಕ್ಷ್ಮಮ್ಮ ಬಟ್ಟೆ ಒಗೆಯುವಾಗ ಕಂಡು ಕೇಳಿದ್ದಕ್ಕೆ ಪಿತ್ತದ ಮಾತ್ರೆ ಎಂದಿದ್ದ. ಅವಳು ಅತ್ತೆಯ ಜೊತೆ ಒಳಮನೆಯಲ್ಲಿ ಮಲಗುವವಳು, ಇವನು ಪಡಸಾಲೆಯ ಮಂಚದಲ್ಲಿ. ಇವನು ತೊಲೆಗಳನ್ನು ನೋಡುತ್ತ ಬಿದ್ದಿದ್ದಾಗ ಬ್ರೂನೊ ಉಗುರು ಟಕಟಕವೆನ್ನಿಸಿಕೊಂಡು ಬಂದು ಮಂಚದ ಪಕ್ಕ ಕೂತುಬಿಡುತ್ತಿತ್ತು. ಏನೂ ಕೇಳುತ್ತಿರಲಿಲ್ಲ, ಕೂತಿರುತ್ತಿತ್ತು. ಇವನು ಮಾತ್ರೆ ನುಂಗುವುದನ್ನು ಆ ಮನೆಯಲ್ಲಿ ಕಂಡ ಪ್ರಾಣಿ ಅದೊಂದೇ. ಎಷ್ಟೋ ಸಲ ಅದರ ಕಿವಿಯ ಸಂದು ತುರಿಸುತ್ತ ಹೊತ್ತು ಕಳೆದಿದ್ದಾನೆ, ಎಷ್ಟೋ ಸಲ ‘ಹೋಗಲೇ ಅತ್ಲಾಗೆ, ಏನ್ ನೋಡ್ತೀಯ’ ಎಂದು ಕಾಲಲ್ಲಿ ತಳ್ಳಿದ್ದಾನೆ. ತಳ್ಳಿದರೆ ಹೋಗಿ ಬಾಗಿಲ ಹತ್ತಿರ ಕೂರುತ್ತಿತ್ತು, ಅಲ್ಲಿಂದ ನೋಡುತ್ತಿತ್ತು. ಇದು ಹೋದರೆ ಸಾಕು ಎಂದು ಅವನಿಗೆ ಅನ್ನಿಸುತ್ತಿದ್ದದ್ದು ನಿಜ. ಇದು ಹೋದಮೇಲೆ ರಾತ್ರಿ ಹೇಗೆ ಎಂದು ಹೆದರಿಕೆಯಾಗುತ್ತಿದ್ದದ್ದೂ ಅಷ್ಟೇ ನಿಜ.

ವಿಮಾನ ನಿಲ್ದಾಣಕ್ಕೆ ಮರಳಿ, ಮೆಟಡಾರನ್ನು ಷೆಡ್ಡಿನ ಹಿಂದೆ, ಹೊಂಗೆ ಮರದ ಕೆಳಗೆ ನಿಲ್ಲಿಸಿ ಪಿಳ್ಳಪ್ಪ ಟೀ ಕುಡಿಯಲು ಹೋದ. ರಾಮಾಂಜಿನಪ್ಪ ಪೆಟ್ಟಿಗೆಯ ಅಗುಳಿ ತೆಗೆದು ನಾಯಿಯನ್ನು ಇಳಿಸಿಕೊಂಡ. ಅದು ಮುಂಗಾಲು ಚಾಚಿ ಮೈಮುರಿದು, ಮರದ ಬುಡಕ್ಕೆ ಉಚ್ಚೆ ಹೊಯ್ದು, ಬಂದು ಇವನ ತೊಡೆಗೆ ತಲೆ ಒರಗಿಸಿ ನಿಂತಿತು. ನೆತ್ತಿಯಲ್ಲಿ ಹಲಗೆ ಬಡಿದು ಕೂದಲು ಉದುರಿ ಕೆಂಪಾಗಿತ್ತು. ಇವನು ಊಟದ ಡಬ್ಬಿ ಬಿಚ್ಚಿದ. ಮುನಿಲಕ್ಷ್ಮಮ್ಮ ಕಟ್ಟಿಕೊಟ್ಟ ಮೊಸರನ್ನ. ಒಂದು ತುತ್ತು ತಾನು ತಿಂದ, ರುಚಿ ಗೊತ್ತಾಗಲಿಲ್ಲ. ಮಲಗಿರುವ ನಾಯಿಗೆ ಆ ಪೆಟ್ಟಿಗೆ ಧಾರಾಳವಾಗುತ್ತದೆ ಎಂಬುದು ಬೂತಿನಿಂದ ಹೊರಬರುವಾಗಲೇ ಅವನ ತಲೆಗೆ ಬಂದಿತ್ತು. ಬಂದದ್ದನ್ನು ಓಡಿಸಿದ್ದ, ಮತ್ತೆ ಬಂದಿತ್ತು. ಮಲಗಿದ ನಾಯಿಯನ್ನು ಎಬ್ಬಿಸಿ ನಿಲ್ಲಿಸಿ ಯಾರು ನೋಡುತ್ತಾರೆ. ತಾನು ದಿನಾ ನುಂಗುವ ಮಾತ್ರೆ, ತಾನೇನು ಸತ್ತಿದ್ದೇನೆಯೇ. ಪಶುವೈದ್ಯರು ಹೆದರಿಸುವುದಕ್ಕೆ ಹಾಗೆಲ್ಲ ಹೇಳುತ್ತಾರೆ. ಸಣ್ಣ ಉಸಿರಾದರೆ ನೋಡುವವರು ಯಾರು ಎಂಬ ಮಾತು ಮಾತ್ರ ಎಷ್ಟು ದಬ್ಬಿದರೂ ಹೋಗಲಿಲ್ಲ.

ಎರಡು ಮಾತ್ರೆಯನ್ನು ಮೊಸರನ್ನದ ಉಂಡೆಯಲ್ಲಿಟ್ಟು ಅಂಗೈ ಚಾಚಿದ. ಬ್ರೂನೊ ಹಲ್ಲು ತಾಗಿಸದೆ, ಬರಿ ತುಟಿಯಲ್ಲಿ ಎತ್ತಿಕೊಂಡಿತು. ಮೂರು ವರ್ಷದಿಂದ ಅದು ಹಾಗೇ ತಿನ್ನುವುದು. ಆಮೇಲೆ ಅಂಗೈಯನ್ನು ನೆಕ್ಕಿ ಸ್ವಚ್ಛ ಮಾಡಿತು. ಅರ್ಧ ಗಂಟೆ ಕಾದ. ಪೆಟ್ಟಿಗೆಗೆ ಹತ್ತಿಸಿದರೆ ಮತ್ತೆ ಬೆನ್ನು ಬಿಲ್ಲಾಗಿಸಿಕೊಂಡು ನಿಂತಿತು, ಮಲಗಲು ಒಪ್ಪಲಿಲ್ಲ. ‘ಮಲಕ್ಕೊಳ್ಳೋ’ ಎಂದ. ನೋಡಿತು. ‘ಮಲಕ್ಕೊಂಡು ಸಾಯೋ ಮಾರಾಯ, ನನ್ ಮರ್ವಾದೆ ತೆಗೀಬೇಡ’ ಎಂದು ಬೆನ್ನನ್ನು ಎರಡೂ ಕೈಯಿಂದ ಒತ್ತಿದ. ಒತ್ತಿದರೆ ಬಾಗಿತು, ಬಿಟ್ಟರೆ ಎದ್ದಿತು. ಅವನಿಗೆ ಮೈಯೆಲ್ಲ ಉರಿದುಹೋಯಿತು. ಇದೂ ತನ್ನ ಮಾತು ಕೇಳುವುದಿಲ್ಲ ಎನ್ನಿಸಿತು. ಪಟ್ಟಿಯಲ್ಲಿ ಉಳಿದಿದ್ದ ಎರಡನ್ನೂ ಒಡೆದು ಮತ್ತೊಂದು ಉಂಡೆ ಮಾಡಿದ. ಈ ಸಲ ಬ್ರೂನೊಗೆ ಬೇಕಿರಲಿಲ್ಲ, ಮೂತಿ ತಿರುಗಿಸಿತು. ‘ತಿನ್ನು’ ಎಂದ. ಬೇಡದಿದ್ದರೂ, ಇವನು ಹೇಳಿದನೆಂದು ತಿಂದಿತು. ಸ್ವಲ್ಪ ಹೊತ್ತಿಗೆ ಹಿಂಗಾಲು ಕುಸಿದವು, ಆಮೇಲೆ ಮುಂಗಾಲು. ಗಲ್ಲವನ್ನು ಪಾದದ ಮೇಲಿಟ್ಟುಕೊಂಡು ಅರೆಗಣ್ಣಿನಲ್ಲಿ ಇವನನ್ನೇ ನೋಡುತ್ತ ಇತ್ತು. ಇವನು ಖಾಲಿ ಪಟ್ಟಿಯನ್ನು ಮುದುರಿ ಚರಂಡಿಗೆ ಎಸೆದ.

ಕೌಂಟರಿನಲ್ಲಿ ಅದೇ ಹುಡುಗ. ‘ಎತ್ತಿಸಿದ್ರಾ ಸರ್?’ ಎಂದ. ‘ಎತ್ತಿಸ್ದೆ’ ಎಂದ ರಾಮಾಂಜಿನಪ್ಪ, ಇಷ್ಟು ಸಲೀಸಾಗಿ ಸುಳ್ಳು ಬರುತ್ತದೆಂದು ಅವನಿಗೇ ಗೊತ್ತಿರಲಿಲ್ಲ. ಹುಡುಗ ಬಗ್ಗಿ ನೋಡಿದ. ಮಲಗಿದ್ದ ನಾಯಿಯ ಮೇಲೆ ಬೇಕಾದಷ್ಟು ಜಾಗವಿತ್ತು. ‘ಈಗ ಸರಿಯಾಯ್ತು ನೋಡಿ. ಎಷ್ಟು ಶಾಂತ ಆಗ್ಬಿಟ್ಟಿದಾನೆ’ ಎಂದು ಸರಳಿನೊಳಗೆ ಬೆರಳು ತೂರಿಸಿ ಮೂತಿ ಸವರಿದ. ‘ಮಂಪರು ಬರೋಕೆ ಏನೂ ಕೊಟ್ಟಿಲ್ಲ ತಾನೆ ಸರ್? ಕೇಳ್ಲೇಬೇಕು, ಅದಕ್ಕೆ ಕೇಳ್ತಿದೀನಿ.’ ಇಲ್ಲ ಎಂದ. ಇಲ್ಲವೆಂದು ಬರೆದುಕೊಟ್ಟ ಕಾಗದಕ್ಕೆ ಸಹಿಯನ್ನೂ ಹಾಕಿದ. ‘ತುಂಬಾ ಕಷ್ಟಪಟ್ರಿ ಸರ್ ಪಾಪ. ಬೇರೆ ಯಾರಾದ್ರೂ ಆಗಿದ್ರೆ ವಾಪಸ್ ಹೋಗಿರೋರು’ ಎಂದ ಹುಡುಗ. ಬೆಳಗ್ಗಿನಿಂದ ಅವನಿಗೆ ಯಾರಾದರೂ ಆಡಿದ ಒಳ್ಳೆಯ ಮಾತು ಅದೊಂದೇ, ಅದನ್ನೂ ಕದ್ದದ್ದರ ಹಾಗೆ ಜೇಬಿಗೆ ಹಾಕಿಕೊಂಡು ಬರಬೇಕಾಯಿತು. ತಳ್ಳುಗಾಡಿಯವರು ಪೆಟ್ಟಿಗೆಯನ್ನು ಎತ್ತಿಟ್ಟರು. ಬ್ರೂನೊ ಎಂದು ಕರೆಯಬೇಕೆನ್ನಿಸಿತು, ಕರೆದರೆ ಎದ್ದೀತೆಂದು ಹೆದರಿ ಸುಮ್ಮನಾದ. ನಿಜವಾಗಿ ಹೆದರಿದ್ದು, ಕರೆದರೂ ಏಳದಿದ್ದರೆ ಎಂದು.

ಮನೆಯಲ್ಲಿ ಬೈರಮ್ಮ ಕೇಳಿದ್ದು ಒಂದೇ ಮಾತು, ‘ಅಳ್ತಾ ಇತ್ತೇನ್ಲಾ?’ ಇಲ್ಲ, ಸುಮ್ಮನೆ ಹೋಯಿತು ಎಂದ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಎಂದಿನಂತೆ ಎತ್ತಿಟ್ಟಿದ್ದ ಅದರ ಪಾಲಿನ ಮುದ್ದೆಯನ್ನು ಎಮ್ಮೆಗೆ ಹಾಕಲು ಎದ್ದುಹೋದಳು. ಆ ರಾತ್ರಿ ಅವನ ಬಳಿ ಮಾತ್ರೆಯೂ ಇರಲಿಲ್ಲ, ನಾಯಿಯೂ ಇರಲಿಲ್ಲ.

ಮಾರನೆಯ ದಿನ ದೊಡ್ಡಬಳ್ಳಾಪುರದ ಕರೆಂಟ್ ಆಫೀಸಿನಲ್ಲಿ ಬಿಲ್ಲಿನ ತಕರಾರಿನವರು ಕಟಕಟೆಯ ತುಂಬ ತುಂಬಿದ್ದರು. ಮಗ್ಗದವರಿಗೆಲ್ಲ ಮೀಟರು ಓಡಿದ್ದೇ ಸುಳ್ಳು. ರಾಮಾಂಜಿನಪ್ಪ ತಲೆಯೆತ್ತದೆ ಬರೆಯುತ್ತಿದ್ದ. ಫೋನು ಎಂಜಿನಿಯರ್ ಸಾಹೇಬರ ಮೇಜಿನ ಮೇಲೆ, ನಡುಹಾಲಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಇತ್ತು. ಅಟೆಂಡರ್ ಮುನಿಸ್ವಾಮಿ ಎತ್ತಿ, ‘ರಾಮಾಂಜಿನಪ್ಪನೋರೆ, ಡೆಲ್ಲಿ!’ ಎಂದು ಕೂಗಿದ. ಪೆನ್ನನ್ನು ಕೈಯಲ್ಲೇ ಹಿಡಿದುಕೊಂಡು ಎದ್ದು ಹೋದ.

‘ಅಣ್ಣಾ, ರತ್ನ’ ಎಂದಿತು ದನಿ, ಗಾಳಿಯಲ್ಲಿ ಹೋಗಿ ಬರುತ್ತ. ‘ಬ್ರೂನೊ ರಾತ್ರಿ ಬಂದ. ಆದ್ರೆ ಏಳ್ತಾನೇ ಇಲ್ಲ ಕಣಣ್ಣ. ಸುಸ್ತಾಗಿರ್ಬೇಕು, ಮಲಗ್ಲಿ ಅಂತ ಬಿಟ್ವಿ. ಇಷ್ಟೊತ್ತಾದ್ರೂ ಕಣ್ಣೇ ಬಿಟ್ಟಿಲ್ಲ. ಉಸಿರು ತೀರಾ ಸಣ್ಣ ಆಗಿದೆ. ಡಾಕ್ಟ್ರು ಬಂದಿದಾರೆ, ಏನಾದ್ರೂ ಕೊಟ್ಟಿದಾರಾ ಕೇಳಿ ಅಂತಾರೆ. ಕಾಗದದಲ್ಲಿ ಇಲ್ಲ ಅಂತಿದೆ. ನಮ್ಮಣ್ಣ ಅಂಥೋನಲ್ಲ, ಕೊಟ್ಟಿರಲ್ಲ ಅಂತ ನಾನೂ ಹೇಳ್ದೆ. ಆದ್ರೂ ಒಂದ್ಸಲ ಕೇಳು ಅಂತಾರೆ. ಏನು ಅಂತ ಗೊತ್ತಾದ್ರೆ ಅದಕ್ಕೆ ಔಷಧಿ ಇದೆಯಂತೆ, ಗೊತ್ತಿಲ್ದೆ ಸುಮ್ನೆ ಚುಚ್ಚೋಕಾಗಲ್ವಂತೆ.’ ಹಿಂದಿನಿಂದ ಶ್ರೀಧರನ ದನಿ ಬಂತು, ಏನಂತೆ, ಏನಂತೆ ಎಂದು.

ನಮ್ಮಣ್ಣ ಅಂಥೋನಲ್ಲ. ಇಲ್ಲ ಎಂದರೆ ಮುಗಿಯಿತು. ವಯಸ್ಸಾಗಿತ್ತು, ಪ್ರಯಾಣ ತಡೆಯಲಿಲ್ಲ, ಪಾಪ ರಾಮಾಂಜಿನಪ್ಪ ಅಷ್ಟೆಲ್ಲ ಕಷ್ಟಪಟ್ಟು ಕಳಿಸಿದ್ದ ಎಂದು ಎಲ್ಲರೂ ಹೇಳುತ್ತಾರೆ. ಶ್ರೀಧರನೂ ಹೇಳುತ್ತಾನೆ. ತಾನು ಇಲ್ಲ ಎನ್ನಲು ಬಾಯಿ ತೆರೆದಿದ್ದೇನೆಂದು ಅವನಿಗೆ ತಿಳಿಯಿತು. ಬೇಡದಿದ್ದರೂ ತಿಂದ ಆ ಎರಡನೆಯ ಉಂಡೆ ಕಣ್ಣಿಗೆ ಬಂತು.

‘ಕೊಟ್ಟೆ’ ಎಂದ.

‘ಆ? ಕೇಳಿಸ್ಲಿಲ್ಲ ಅಣ್ಣಾ.’

‘ಕೊಟ್ಟಿದೀನಿ ಕಣಮ್ಮ. ನಿದ್ದೆ ಮಾತ್ರೆ.’

‘ಜೋರಾಗಿ ಹೇಳಣ್ಣ, ಲೈನು ಸರಿ ಇಲ್ಲ!’

ಎಂಜಿನಿಯರು ಕಡತದಿಂದ ತಲೆಯೆತ್ತಿದ್ದರು. ಕಟಕಟೆಯ ಆಚೆ ಗಲಾಟೆ ನಿಂತಿತ್ತು. ‘ನಿದ್ದೆ ಮಾತ್ರೆ ಕೊಟ್ಟೆ!’ ಎಂದು ರಾಮಾಂಜಿನಪ್ಪ ಕೂಗಿದ. ‘ನಾಲ್ಕು! ನಾಲ್ಕು ಕೊಟ್ಟೆ! ಮಧ್ಯಾಹ್ನ, ಮೊಸರನ್ನದಲ್ಲಿ! ಪೆಟ್ಗೆ ಸಣ್ಣದಾಗಿತ್ತು, ಮಲಗ್ಲಿ ಅಂತ ನಾನೇ ಕೊಟ್ಟೆ!’ ಮಾತ್ರೆಯ ಹೆಸರು ಹೇಳಿದ, ಅವಳಿಗೆ ತಿಳಿಯಲಿಲ್ಲ. ಒಂದೊಂದೇ ಅಕ್ಷರವನ್ನು ಊರುಗಳ ಹೆಸರು ಕೂಡಿಸಿ ಒದರಿದ. ಎಷ್ಟು ಪವರಿನದೆಂದೂ ಒದರಿದ. ಮುನಿಸ್ವಾಮಿ ಕೈಯಲ್ಲಿ ಟೀ ಲೋಟ ಹಿಡಿದು ಹಾಗೇ ನಿಂತಿದ್ದ. ಆ ಕಡೆ ರತ್ನ ಅದನ್ನೇ ಯಾರಿಗೋ ಹಿಂದಿಯಲ್ಲಿ ಹೇಳಿದ್ದು, ಶ್ರೀಧರ ‘ಏನು, ಅವ್ರೇ ಕೊಟ್ರಂತಾ?’ ಎಂದದ್ದು, ಯಾರೋ ಓಡಿದ್ದು, ಮಗು ‘ಬ್ರೂನೊ, ಏಳೋ, ಏಳೋ ಬ್ರೂನೊ’ ಎಂದು ಕರೆಯುತ್ತಿದ್ದದ್ದು ಎಲ್ಲ ಕೇಳಿಸಿತು. ಬೈಯಲಿ ಎಂದು ಕಾದ. ಯಾರಾದರೂ ಬೇಗ ಬಂದು ಬೈದು ಮುಗಿಸಲಿ ಎಂದು ರಿಸೀವರನ್ನು ಕಿವಿಗೆ ಒತ್ತಿಕೊಂಡು ನಿಂತ.

ರತ್ನ ಮತ್ತೆ ಬಂದಳು. ಏದುಸಿರು ಬಿಡುತ್ತಿದ್ದಳು. ‘ಸೂಜಿ ಕೊಡ್ತಿದಾರೆ. ಗೊತ್ತಾಗಿದ್ದು ಒಳ್ಳೇದಾಯ್ತು ಅಂದ್ರು, ಉಳೀಬೋದಂತೆ’ ಎಂದಳು. ‘ಅಣ್ಣಾ, ಆ ಮಾತ್ರೆ ನಿನ್ಹತ್ರ ಹೆಂಗೆ ಬಂತು?’

ಅವನು ಫೋನಿನ ವೈರನ್ನು ಬೆರಳಿಗೆ ಸುತ್ತಿಕೊಂಡ.

‘ನೀನು ತಗೋತೀಯಾ? ಯಾವಾಗಿಂದ? ಯಾಕಣ್ಣ, ಏನಾಗಿದೆ ನಿಂಗೆ?’

ಸುತ್ತ ಅಷ್ಟು ಜನ ನೋಡುತ್ತಿದ್ದರು. ‘ನಿದ್ದೆ ಬರಲ್ಲಮ್ಮ’ ಎಂದ ಮೆಲ್ಲಗೆ, ರಿಸೀವರಿಗೆ ಕೈ ಅಡ್ಡ ಹಿಡಿದು.

‘ಕೇಳಿಸ್ತಿಲ್ಲ ಅಣ್ಣಾ. ಜೋರಾಗಿ ಹೇಳು.’

ರಾಮಾಂಜಿನಪ್ಪ ಕೈ ತೆಗೆದ. ‘ನಿದ್ದೆ ಬರಲ್ಲ ಕಣಮ್ಮಾ!’ ಎಂದು, ಇಡೀ ಆಫೀಸು ಕೇಳುವ ಹಾಗೆ, ದಿಲ್ಲಿಗೆ ಕೇಳುವವರೆಗೂ ಕೂಗಿದ. ‘ನಂಗೆ ನಿದ್ದೆ ಬರಲ್ಲ! ಮೂರು ವರ್ಷ ಆಯ್ತು!’